ಜಟಾಯುವಿನ ಕುಲ ಮತ್ತು ತಿಳಿಯದೆ ಆದ ಪಾಪ

ಶ್ರೀ ಪಟ್ಟಾಭಿರಾಮನ ದರ್ಶನಕ್ಕೆಂದು ರಾಮನಗರದ ರಾಮದೇವರ ಬೆಟ್ಟ ಹತ್ತುವ ಭಕ್ತಾದಿಗಳು ದಾರಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ಇನ್ನೆಷ್ಟು ಮೆಟ್ಟಿಲು ಇದೆ ಅನ್ನುವುದು ಒಂದು. ಗಬ್ಬರ್ ಸಿಂಗ್ ನಿಂತಿದ್ದ ಬಂಡೆ ಯಾವುದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕೆಳಗೆ ಇಳಿದು ಬರುತ್ತಿರುವವರು "ಇನ್ನೇನು, ಬಂದ್ಬಿಟ್ರಿ" ಅಂತ ಧೈರ್ಯ ಹೇಳುತ್ತಾರೆ. ಎರಡನೆಯದಕ್ಕೆ ಒಬ್ಬೊಬ್ಬರು ಒಂದೊಂದು ಬಂಡೆ ತೋರಿಸುತ್ತಾರೆ. 1975ರಲ್ಲಿ ಬಿಡುಗಡೆಯಾದ 'ಶೋಲೆ' ಚಿತ್ರ ಐವತ್ತು ವರ್ಷ ದಾಟಿದರೂ ಬೆಟ್ಟ ಬಿಟ್ಟು ಹೋಗಿಲ್ಲ.

ಎದುರಿನ ಕಡಿದಾದ ಬಂಡೆಯ ಎದೆಯಲ್ಲಿ ಅಲ್ಲಲ್ಲಿ ಸುಣ್ಣ ಸುರಿದ ಹಾಗೆ ಬಿಳಿಯ ಗೀರುಗಳಿವೆಯಲ್ಲ, ಅದೇನು ಅಂತ ಕೇಳುವವರು ಅಪರೂಪ. ರಣಹದ್ದುಗಳು ತಲೆತಲಾಂತರದಿಂದ ಒಂದೇ ಅಂಚಿನಲ್ಲಿ ಕೂತು, ಅಲ್ಲೇ ಗೂಡು ಕಟ್ಟುತ್ತಾ ಬಂದರೆ ಅವುಗಳ ಹಿಕ್ಕೆಯಿಂದ ಬಂಡೆಗೆ ಇಂಥ ಗುರುತು ಬೀಳುತ್ತದೆ. ಈ ಹಕ್ಕಿಗಳಿಗಾಗಿಯೇ 2012ರ ಜನವರಿಯಲ್ಲಿ ಸರ್ಕಾರವು ಈ ಬೆಟ್ಟ ಮತ್ತು ಸುತ್ತಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ಕೆಳಗೆ ಗೇಟಿನ ಹತ್ತಿರ ಅರಣ್ಯ ಇಲಾಖೆಯವರ ಬೋರ್ಡು ಇದೆ. ಓದಿ ಒಳಗೆ ಬರುವವರೂ ಇದ್ದಾರೆ, ಅದರ ಮುಂದೆ ನಿಂತು ಫೋಟೋ ಹಿಡಿಸಿಕೊಂಡು ಬರುವವರೂ ಇದ್ದಾರೆ.

ದೇವರ ಬೆಟ್ಟದಲ್ಲಿ ಹೆಣ ತಿನ್ನುವ ಹಕ್ಕಿಗೆ ಏನು ಕೆಲಸ ಎಂದು ಕೆಲವು ಭಕ್ತರಿಗೆ ಮನಸ್ಸಿನೊಳಗೆ ಅನ್ನಿಸುವುದುಂಟು. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಹಳೇ ಕಾಲದಲ್ಲಿ ಹದ್ದು ಮನೆಯ ಮೇಲೆ ಕೂತರೆ ಅಪಶಕುನ, ಶಾಂತಿ ಮಾಡಿಸಬೇಕು ಎನ್ನುತ್ತಿದ್ದರು. ಅದೇ ಜನ ಶನಿವಾರ ಶನಿಮಹಾತ್ಮನ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚುತ್ತಾರೆ. ಶನಿದೇವರನ್ನು ಗೃಧ್ರವಾಹನ ಅಂತಲೂ ಕರೆಯುತ್ತಾರೆ, ಗೃಧ್ರ ಅಂದರೆ ಇದೇ ಹಕ್ಕಿ. ಇನ್ನು ಪತ್ರಿಕೆಯವರ ಭಾಷೆ ನೋಡಿದರೆ, ಯಾರಾದರೂ ಬಡವರ ಆಸ್ತಿಗೆ ಕೈ ಹಾಕಿದರೆ "ರಣಹದ್ದುಗಳಂತೆ ಎರಗಿದರು" ಎಂದು ಬರೆಯುತ್ತಾರೆ. ಇದು ಸುಳ್ಳು ಹೋಲಿಕೆ. ರಣಹದ್ದು ಜೀವ ಇರುವ ಪ್ರಾಣಿಯ ಮೇಲೆ ಎರಗುವ ಹಕ್ಕಿಯಲ್ಲ. ಅದರ ಕಾಲಿನ ಉಗುರುಗಳಿಗೆ ಗರುಡನ ಉಗುರಿನ ಹಿಡಿತವಿಲ್ಲ, ಬೇಟೆಯನ್ನು ಹಿಡಿದೆತ್ತಿಕೊಂಡು ಹಾರಲು ಅದಕ್ಕೆ ಬರುವುದಿಲ್ಲ. ಇನ್ನೊಬ್ಬರು ಕೊಂದದ್ದೋ, ಆಯುಸ್ಸು ಮುಗಿದು ತಾನಾಗಿ ಸತ್ತದ್ದೋ, ಅದನ್ನು ಮಾತ್ರ ತಿನ್ನುತ್ತದೆ. ಪ್ರಾಣಹಿಂಸೆ ಮಾಡದ ಮಾಂಸಾಹಾರಿ ಅಂತ ಒಂದು ಪಟ್ಟಿ ಮಾಡಿದರೆ ಅದರಲ್ಲಿ ಇದರ ಹೆಸರು ಮೇಲೆಯೇ ಬರಬೇಕು.

ಈ ಬೆಟ್ಟದ ಬಂಡೆಗಳಲ್ಲಿ ಇರುವುದು ಉದ್ದ ಕೊಕ್ಕಿನ ರಣಹದ್ದು. ಐದಾರು ಕೆ.ಜಿ. ತೂಕ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಮೀಟರ್ ಮೀರುತ್ತದೆ, ಅಂದರೆ ಗರ್ಭಗುಡಿಯ ಬಾಗಿಲಿಗಿಂತ ಅಗಲ. ತಲೆ, ಕತ್ತಿನ ಮೇಲೆ ಪುಕ್ಕ ಇಲ್ಲವೆನ್ನುವಷ್ಟು ಕಡಿಮೆ. ನೋಡುವುದಕ್ಕೆ ಚೆಂದ ಇಲ್ಲದಿರಬಹುದು, ಆದರೆ ಕಳೇಬರದೊಳಗೆ ಕತ್ತು ಹಾಕುವ ಹಕ್ಕಿಗೆ ಅಲ್ಲಿ ಪುಕ್ಕವಿದ್ದಿದ್ದರೆ ರಕ್ತ ಅಂಟಿ ರೋಗ ಬರುತ್ತಿತ್ತು. ತಿಂದಾದ ಮೇಲೆ ನೀರು ಸಿಕ್ಕರೆ ಇಳಿದು ಮೈ ತೊಳೆದು, ಬಂಡೆಯ ಮೇಲೆ ರೆಕ್ಕೆ ಹರವಿ ಬಿಸಿಲಿಗೆ ಕೂರುತ್ತದೆ. ಮಡಿಯ ಮಾತಾಡುವವರು ಇದನ್ನು ಗಮನಿಸಬೇಕು. ಇದರ ಹೊಟ್ಟೆಯ ಆಮ್ಲ ಎಷ್ಟು ಖಾರ ಅಂದರೆ ನಾಯಿ, ನರಿ ತಿಂದರೆ ಹರಡಬಹುದಾದ ರೋಗಾಣುಗಳು ಅಲ್ಲಿಗೇ ಸುಟ್ಟುಹೋಗುತ್ತವೆ. ಹಿಂದೆಲ್ಲಾ ಊರ ಹೊರಗಿನ ಬಯಲಿನಲ್ಲಿ ಸತ್ತ ಎತ್ತನ್ನು ಎಳೆದು ಹಾಕಿದರೆ ಒಂದು ಹಿಂಡು ಇಳಿದು ಗಂಟೆಯೊಳಗೆ ಮೂಳೆ ಮಾತ್ರ ಬಿಟ್ಟು ಎದ್ದು ಹೋಗುತ್ತಿತ್ತು. ಊರನ್ನು ಶುಚಿ ಮಾಡುವವರನ್ನೇ ಊರು ಅಶುಚಿ ಅನ್ನುವುದು ಈ ಹಕ್ಕಿಗೆ ಮಾತ್ರ ಆದ ಅನ್ಯಾಯವಲ್ಲ, ಅದು ಬೇರೆ ಮಾತು.

ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಒಂದು ಸಂಗತಿ ಬರುತ್ತದೆ. ಹರಿಕಥೆಗಳಲ್ಲಿ ಇದನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಸೀತಾಮಾತೆಯನ್ನು ಕಳೆದುಕೊಂಡ ಶ್ರೀರಾಮನು ಕಾಡಿನಲ್ಲಿ ಹುಡುಕುತ್ತಾ ಬರುವಾಗ ನೆಲಕ್ಕೆ ಬಿದ್ದು ರಕ್ತದಲ್ಲಿ ನೆನೆದ ಒಂದು ದೊಡ್ಡ ಹದ್ದು ಕಾಣುತ್ತದೆ. ಆ ಕ್ಷಣ ರಾಮನಿಗೆ ಅನ್ನಿಸಿದ್ದೇನು? ಇದೇ ಸೀತೆಯನ್ನು ತಿಂದಿದೆ, ಹದ್ದಿನ ರೂಪದಲ್ಲಿ ಕೂತಿರುವ ರಾಕ್ಷಸ ಇದು ಅಂತ. ಲಕ್ಷ್ಮಣನಿಗೆ ಹಾಗೇ ಹೇಳಿ ಬಿಲ್ಲಿಗೆ ಬಾಣ ಹೂಡಿಕೊಂಡು ಮುಂದೆ ಬರುತ್ತಾನೆ. ಮರ್ಯಾದಾ ಪುರುಷೋತ್ತಮನಿಗೇ ರಣಹದ್ದನ್ನು ನೋಡಿದ ಕೂಡಲೇ ಬಂದದ್ದು ಸಂಶಯ. ರಕ್ತ ಇದೆ, ಕೊಕ್ಕು ಇದೆ, ಇನ್ನೇನು ಸಾಕ್ಷಿ ಬೇಕು? ಆಮೇಲೆ ಆ ಮುದಿ ಹಕ್ಕಿ ಬಾಯಿ ಬಿಟ್ಟು, ರಾವಣನು ಸೀತೆಯನ್ನೂ ತನ್ನ ಪ್ರಾಣವನ್ನೂ ಎರಡನ್ನೂ ಕೊಂಡೊಯ್ದ ಎಂದು ಹೇಳಿದ ಮೇಲೆ ರಾಮನು ಬಿಲ್ಲು ಎಸೆದು ಅದನ್ನು ತಬ್ಬಿಕೊಂಡು ಅಳುತ್ತಾನೆ.

ಮುಂದಿನ ಕಥೆ ಎಲ್ಲರಿಗೂ ಗೊತ್ತು. ಜಟಾಯು ಪ್ರಾಣ ಬಿಟ್ಟಾಗ ಲಕ್ಷ್ಮಣನಿಂದ ಕಟ್ಟಿಗೆ ತರಿಸಿ, ಚಿತೆ ಮಾಡಿ, ತಂದೆಗೆ ಮಾಡುವ ಹಾಗೆ ಸಂಸ್ಕಾರ ಮಾಡಿ, ಗೋದಾವರಿಯಲ್ಲಿ ಮಿಂದು ತರ್ಪಣ ಬಿಟ್ಟ. ದಶರಥನು ಅಯೋಧ್ಯೆಯಲ್ಲಿ ತೀರಿಕೊಂಡಾಗ ರಾಮ ಹತ್ತಿರ ಇರಲಿಲ್ಲ. ತಂದೆಗೆ ಕೊಳ್ಳಿ ಇಡುವ ಭಾಗ್ಯ ಸಿಗದ ಮಗನು ತಂದೆಯ ಸ್ನೇಹಿತನಾದ ಒಂದು ಹಕ್ಕಿಗೆ ಆ ಕೆಲಸ ಮಾಡಿದ.

ಈಗ ಅದೇ ಕುಲದ ಹಕ್ಕಿಗಳಿಗೆ ನಮ್ಮ ಕಾಲದಲ್ಲಿ ಏನಾಯಿತು ಎನ್ನುವುದಕ್ಕೆ ಬರೋಣ.

1980ರ ದಶಕದಲ್ಲಿ ಭಾರತದಲ್ಲಿ ನಾಲ್ಕು ಕೋಟಿಯಷ್ಟು ರಣಹದ್ದುಗಳಿದ್ದಿರಬಹುದು ಎಂದು ಅಂದಾಜು ಮಾಡುತ್ತಾರೆ. ಯಾರೂ ಕೂತು ಎಣಿಸಿರಲಿಲ್ಲ, ಕಾಗೆ ಗುಬ್ಬಿಯನ್ನು ಯಾರು ಎಣಿಸುತ್ತಾರೆ? ಅಷ್ಟು ಇದ್ದವು. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ ಗಮನಿಸುತ್ತಾ ಬಂದರು: ಮರದ ಮೇಲೆ ಕೂತ ಹದ್ದುಗಳು ಕತ್ತು ಜೋತು ಹಾಕಿಕೊಂಡು ತೂಕಡಿಸುತ್ತವೆ, ಕೆಲವು ದಿನದಲ್ಲಿ ಕೆಳಗೆ ಬಿದ್ದು ಸಾಯುತ್ತವೆ. ಗೂಡುಗಳು ವರ್ಷದಿಂದ ವರ್ಷಕ್ಕೆ ಖಾಲಿ. ಆಮೇಲೆ ಇಡೀ ದೇಶದಲ್ಲಿ ಇದೇ ಕಥೆ ಅಂತ ಗೊತ್ತಾಯಿತು. 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದು ಸಾವಿರದಲ್ಲಿ ಒಂದು ಉಳಿಯಿತು. ಈ ಬೆಟ್ಟದಲ್ಲಿರುವ ಉದ್ದ ಕೊಕ್ಕಿನ ಜಾತಿಯಲ್ಲಿ ನೂರಕ್ಕೆ ಮೂರು. ಯುದ್ಧವಿಲ್ಲ, ಬರವಿಲ್ಲ, ಬಂದೂಕಿಲ್ಲ. ಒಂದು ಹೊಸ ರೋಗವಿರಬೇಕೆಂದು ಹಲವು ವರ್ಷ ಹುಡುಕಿದರು.

ಉತ್ತರ ಸಿಕ್ಕಿದ್ದು ಪಾಕಿಸ್ತಾನದ ಪಂಜಾಬಿನಲ್ಲಿ. ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆಲ್ಲಾ ಸೀಮೆಸುಣ್ಣದ ಪುಡಿ ಎರಚಿದ ಹಾಗೆ ಬಿಳಿಯ ಪದರ ಕೂತಿತ್ತು. ಮೂತ್ರಪಿಂಡ ಕೆಟ್ಟು, ಹೊರಗೆ ಹೋಗಬೇಕಾದದ್ದು ಒಳಗೇ ಹರಳುಗಟ್ಟಿತ್ತು. ಕಾರಣ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. ಮನುಷ್ಯರು ಮಂಡಿ ನೋವಿಗೆ, ಸೊಂಟ ನೋವಿಗೆ ತೆಗೆದುಕೊಳ್ಳುವುದೇ. ಅಗ್ಗವಾದ ಮೇಲೆ ದನಗಳಿಗೂ ಚುಚ್ಚತೊಡಗಿದ್ದರು. ಚುಚ್ಚಿದ ಒಂದೆರಡು ದಿನದಲ್ಲಿ ದನ ಸತ್ತರೆ ಔಷಧ ಅದರ ಮೈಯಲ್ಲೇ ಉಳಿದಿರುತ್ತದೆ, ಅದನ್ನು ತಿಂದ ಹದ್ದು ಕೆಲವೇ ದಿನದಲ್ಲಿ ಸಾಯುತ್ತದೆ. 2004ರಲ್ಲಿ ಈ ವಿಷಯ ಪ್ರಕಟವಾಯಿತು. ಎಲ್ಲಾ ಕಳೇಬರದಲ್ಲೂ ವಿಷ ಇರಬೇಕಾಗಿಲ್ಲ, ನೂರಕ್ಕೆ ಒಂದಕ್ಕಿಂತ ಕಡಿಮೆ ಕಳೇಬರದಲ್ಲಿ ಇದ್ದರೂ ಇಡೀ ಕುಲ ಅಳಿಯಲು ಸಾಕು ಎಂದು ಲೆಕ್ಕ ಹಾಕಿ ತೋರಿಸಿದರು. ಇವು ಹತ್ತಾರು ಸೇರಿ ಒಂದೇ ಎಲೆಯಲ್ಲಿ ಊಟ ಮಾಡುವ ಜಾತಿ. ಒಂದು ದನ ಸಾಕು, ಒಂದು ಹಿಂಡು ಹೋಗುತ್ತದೆ. ಹೋದದ್ದು ತುಂಬಿಬರುವುದೂ ಕಷ್ಟ, ಯಾಕೆಂದರೆ ಒಂದು ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ.

ಧರ್ಮದ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಒಬ್ಬ ರೈತ ಎಂದಿಟ್ಟುಕೊಳ್ಳೋಣ. ಮಾಗಡಿ ಕಡೆಯವನಿರಲಿ, ಕನಕಪುರ ಕಡೆಯವನಿರಲಿ. ಅವನ ಕೊಟ್ಟಿಗೆಯಲ್ಲಿ ಹತ್ತು ಕರು ಹಾಕಿದ ಹಸು. ಕಾಲು ಊದಿಕೊಂಡು ಮೇಲೇಳಲಾರದೆ ಮಲಗಿದೆ. ರಾತ್ರಿಯೆಲ್ಲಾ ನರಳುತ್ತದೆ. ಹೆಂಡತಿ, "ನೋಡಕ್ಕಾಗಲ್ಲ, ಏನಾರ ಮಾಡಿ" ಅನ್ನುತ್ತಾಳೆ. ಅವನು ಬೆಳಿಗ್ಗೆ ಎದ್ದು ಡಾಕ್ಟರನ್ನು ಕರೆತಂದು, ಇದ್ದಬದ್ದ ದುಡ್ಡು ಕೊಟ್ಟು ನೋವಿನ ಇಂಜೆಕ್ಷನ್ ಹಾಕಿಸುತ್ತಾನೆ. ಹಸು ಒಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿ ಮಾರನೇ ದಿನ ಹೋಗುತ್ತದೆ. ಅರಿಶಿನ ಕುಂಕುಮ ಹಚ್ಚಿ, ಕಣ್ಣೀರು ಹಾಕಿ, ಊರ ಹೊರಗಿನ ಹಳ್ಳಕ್ಕೆ ಸಾಗಿಸುತ್ತಾರೆ. ಮಧ್ಯಾಹ್ನ ಹದ್ದುಗಳು ಇಳಿಯುತ್ತವೆ. ವಾರದೊಳಗೆ ಇಪ್ಪತ್ತು ಮೈಲಿ ಆಚೆಗಿನ ಯಾವುದೋ ಬಂಡೆಯ ಮೇಲೆ ಅವು ಕತ್ತು ಜೋತು ಹಾಕಿ ಕೂರುತ್ತವೆ. ಇವನಿಗೆ ಅದು ಗೊತ್ತೇ ಆಗುವುದಿಲ್ಲ.

ಇದರಲ್ಲಿ ಪಾಪ ಯಾರದು? ರೈತನದು ಅಂತ ಹೇಳಲು ಬಾಯಿ ಬರುವುದಿಲ್ಲ. ಅವನು ಮಾಡಿದ್ದು ಗೋಸೇವೆ. ನರಳುವ ಹಸುವನ್ನು ಹಾಗೇ ಬಿಟ್ಟಿದ್ದರೆ ಅದೇ ಪಾಪ ಅನ್ನುತ್ತಿದ್ದೆವು. ಡಾಕ್ಟರದೇ ಎಂದರೆ ಅವರು ಓದಿದ್ದು ದನದ ಕಾಯಿಲೆ, ದನಕ್ಕೆ ಆ ಔಷಧದಿಂದ ಗುಣವಿತ್ತು. ಕಂಪನಿಯದು ಎಂದರೆ ಹದ್ದಿನ ಮೂತ್ರಪಿಂಡದ ಬಗ್ಗೆ ಪರೀಕ್ಷೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಒಳ್ಳೆಯದನ್ನೇ ಮಾಡಿದ್ದಾರೆ, ಕೋಟಿಗಟ್ಟಲೆ ಹಕ್ಕಿ ಸತ್ತಿವೆ. "ಮನಸ್ಸು ಶುದ್ಧ ಇದ್ದರೆ ಸಾಕು, ದೇವರು ನೋಡಿಕೊಳ್ಳುತ್ತಾನೆ" ಎನ್ನುವುದು ನಮ್ಮ ಜನಕ್ಕೆ ಬಹಳ ಪ್ರಿಯವಾದ ಮಾತು. ಈ ಬೆಟ್ಟದ ಮೆಟ್ಟಿಲಲ್ಲೂ ದಿನಕ್ಕೆ ಹತ್ತು ಸಾರಿ ಕೇಳುವ ಮಾತು. ಹದ್ದುಗಳ ವಿಷಯದಲ್ಲಿ ಮನಸ್ಸು ಶುದ್ಧವೇ ಇತ್ತು, ಸಾಕಾಗಲಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ಅಣಿಮಾಂಡವ್ಯನ ಉಪಾಖ್ಯಾನವಿದೆ. ಮಾಂಡವ್ಯ ಎಂಬ ಋಷಿ ಮೌನವ್ರತದಲ್ಲಿದ್ದಾಗ ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟರು. ರಾಜಭಟರು ಬಂದು ಕೇಳಿದರೆ ಋಷಿ ಉತ್ತರ ಕೊಡಲಿಲ್ಲ. ಕಳ್ಳರ ಜೊತೆ ಅವನನ್ನೂ ಶೂಲಕ್ಕೆ ಏರಿಸಿದರು. ತಪೋಬಲದಿಂದ ಪ್ರಾಣ ಹೋಗಲಿಲ್ಲ. ರಾಜ ಬಂದು ಕ್ಷಮೆ ಕೇಳಿ ಕೆಳಗಿಳಿಸಿದರೂ ಶೂಲದ ತುದಿ ಮೈಯೊಳಗೆ ಮುರಿದು ಉಳಿಯಿತು, ಆ ಅಣಿಯಿಂದಲೇ ಅವನಿಗೆ ಅಣಿಮಾಂಡವ್ಯ ಎಂದು ಹೆಸರು. ಅವನು ನೇರವಾಗಿ ಧರ್ಮದೇವತೆಯ ಹತ್ತಿರ ಹೋಗಿ, ನನಗೆ ಈ ಶಿಕ್ಷೆ ಯಾಕೆ ಅಂತ ಕೇಳಿದ. ಚಿಕ್ಕವನಿದ್ದಾಗ ನೀನು ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದೆ, ಅದರ ಫಲ ಎಂದ ಧರ್ಮ. ಋಷಿಗೆ ಸಿಟ್ಟು ಬಂತು. ತಿಳಿವಳಿಕೆ ಇಲ್ಲದ ವಯಸ್ಸಿನಲ್ಲಿ ಮಾಡಿದ ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ? ಧರ್ಮನಿಗೇ ಶಾಪ ಕೊಟ್ಟ, ಆ ಶಾಪದಿಂದ ಧರ್ಮನು ವಿದುರನಾಗಿ ಹುಟ್ಟಿದ. ಜೊತೆಗೆ ಒಂದು ಕಟ್ಟಳೆಯನ್ನೂ ಹಾಕಿದ: ಹದಿನಾಲ್ಕು ವರ್ಷ ತುಂಬುವವರೆಗೆ ಮಾಡಿದ್ದು ಪಾಪವೆಂದು ಲೆಕ್ಕಕ್ಕೆ ಬರಬಾರದು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಕರ್ಮ ಯಾರನ್ನೂ ಬಿಡುವುದಿಲ್ಲ ಎಂದು ಮುಗಿಸುತ್ತಾರೆ. ಕಥೆ ಹೇಳುವುದು ಅದಕ್ಕಿಂತ ಹೆಚ್ಚು. ತಿಳಿಯದವನಿಗೆ ರಿಯಾಯಿತಿ ಇದೆ, ಆದರೆ ಆ ರಿಯಾಯಿತಿಗೆ ಒಂದು ಗಡುವು ಇದೆ. ಹದಿನಾಲ್ಕು ತುಂಬಿದ ದಿನದಿಂದ ಅದೇ ಕಡ್ಡಿ, ಅದೇ ಹುಳು, ಆದರೆ ಲೆಕ್ಕ ಬೇರೆ.

ರಣಹದ್ದಿನ ವಿಷಯದಲ್ಲಿ 2004ಕ್ಕೆ ಮುಂಚೆ ಚುಚ್ಚಿಸಿದವರು ಬಾಲಕ ಮಾಂಡವ್ಯನ ಹಾಗೆ. 2006ರಲ್ಲಿ ಕೇಂದ್ರ ಸರ್ಕಾರ ದನಗಳಿಗೆ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಿತು. ಮೆಲಾಕ್ಸಿಕ್ಯಾಮ್ ಎಂಬ ಇನ್ನೊಂದು ಔಷಧದಿಂದ ಹಸುವಿನ ನೋವೂ ಹೋಗುತ್ತದೆ, ಹದ್ದಿಗೂ ತೊಂದರೆ ಇಲ್ಲ ಎಂದು ಪರೀಕ್ಷೆ ಮಾಡಿ ತೋರಿಸಿದ್ದೂ ಆಗಲೇ. ಅಲ್ಲಿಗೆ ಸಮಾಜಕ್ಕೆ ಹದಿನಾಲ್ಕು ತುಂಬಿತು ಅನ್ನಬೇಕು. ಆಮೇಲೆ ನಡೆದದ್ದೇನು? ಮನುಷ್ಯರಿಗೆಂದು ತಯಾರಾದ ಅದೇ ಔಷಧ ದೊಡ್ಡ ದೊಡ್ಡ ಸೀಸೆಯಲ್ಲಿ ಬರುತ್ತಿತ್ತು. ಮನುಷ್ಯನಿಗೆ ಒಂದು ಸಾರಿಗೆ ಬೇಕಾದದ್ದು 3 ಎಂ.ಎಲ್. ಸೀಸೆಯಲ್ಲಿ ಇದ್ದದ್ದು 30 ಎಂ.ಎಲ್. ಅದು ಯಾವ ಮನುಷ್ಯನಿಗೆ ಅಂತ ಯಾರೂ ಕೇಳಲಿಲ್ಲ. 2015ರಲ್ಲಿ 3 ಎಂ.ಎಲ್. ಮೀರಿದ ಸೀಸೆ ಮಾಡಬಾರದೆಂದು ಆದೇಶವಾಯಿತು. ಅದು ಸರಿಯಾಯಿತು ಅನ್ನುವಷ್ಟರಲ್ಲಿ ಬೇರೆ ಹೆಸರಿನ ಔಷಧಗಳು ಬಂದಿದ್ದವು. ಅಸಿಕ್ಲೋಫೆನಾಕ್ ಅಂತ ಒಂದು, ಅದು ದನದ ಮೈಯೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಮಾರೀಚ ಜಿಂಕೆಯ ವೇಷ ಹಾಕಿದ ಹಾಗೆ. ಅದನ್ನೂ ಕೀಟೋಪ್ರೊಫೇನ್ ಎಂಬುದನ್ನೂ ದನಗಳಿಗೆ ಕೊಡಬಾರದೆಂದು 2023ರಲ್ಲಿ ನಿಷೇಧ ಮಾಡಿದರು. 2006ರಿಂದ 2023, ಹದಿನೇಳು ವರ್ಷ. ಇದರಲ್ಲಿ ಯಾವುದನ್ನೂ ತಿಳಿಯದೆ ಆದದ್ದು ಎಂದು ಹೇಳಲಾಗುವುದಿಲ್ಲ.

ಹಾಗಾದರೆ ಈಗಿನ ರೈತನದು ಪಾಪವೇ ಎಂದು ಯಾರಾದರೂ ಕೇಳಬಹುದು. ಅವನಿಗೆ ಈಗಲೂ ಗೊತ್ತಿಲ್ಲದಿದ್ದರೆ ಅವನು ಈಗಲೂ ಬಾಲಕನೇ. ಗೊತ್ತಿದ್ದವರು ಅವನಿಗೆ ಹೇಳದೆ ಸುಮ್ಮನಿದ್ದರೆ ಅವರ ಲೆಕ್ಕ ಬೇರೆ. ಔಷಧ ಅಂಗಡಿಯಲ್ಲಿ "ದನಕ್ಕೆ ನೋವಿನ ಇಂಜೆಕ್ಷನ್ ಕೊಡಿ" ಎಂದು ಬಂದವನಿಗೆ ಯಾವ ಸೀಸೆ ಎತ್ತಿಕೊಡುತ್ತಾರೆ ಎನ್ನುವಲ್ಲಿ ಈ ಕುಲದ ಅಳಿವು ಉಳಿವು ನಿಂತಿದೆ. ಭಕ್ತಾದಿಗಳಲ್ಲಿ ಹಸು ಎಮ್ಮೆ ಕಟ್ಟಿದವರು ಬಹಳ ಮಂದಿ ಇರುತ್ತೀರಿ. ಮೆಲಾಕ್ಸಿಕ್ಯಾಮ್ ಎಂಬ ಹೆಸರನ್ನು ಈ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಬರೆದಿಟ್ಟುಕೊಂಡರೆ ನಷ್ಟವೇನಿಲ್ಲ. ಡಾಕ್ಟರ ಹತ್ತಿರ ಕೇಳಿ ಹಾಕಿಸಬಹುದು.

ಹದ್ದು ಹೋದರೆ ಮನುಷ್ಯನಿಗೇನು ನಷ್ಟ ಎನ್ನುವವರಿಗೂ ಉತ್ತರ ಇದೆ. ಹದ್ದು ಇಳಿಯದ ಬಯಲಿನಲ್ಲಿ ಕಳೇಬರ ಕೊಳೆಯಿತು, ಬೀದಿನಾಯಿ ಹೆಚ್ಚಾದವು, ಹುಚ್ಚುನಾಯಿ ಕಡಿತ ಹೆಚ್ಚಾಯಿತು, ನೀರು ಕೆಟ್ಟಿತು. ಹದ್ದುಗಳಿಲ್ಲದ ಕಾರಣಕ್ಕೆ 2000ದಿಂದ 2005ರವರೆಗೆ ಭಾರತದಲ್ಲಿ ಸುಮಾರು ಐದು ಲಕ್ಷ ಜನ ಹೆಚ್ಚಾಗಿ ಸತ್ತಿರಬಹುದು ಎಂದು 2024ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಮುಂಬೈಯ ಮಲಬಾರ್ ಹಿಲ್‌ನಲ್ಲಿ ಪಾರ್ಸಿ ಜನರ ದಖ್ಮಾ ಇದೆ. ಬೆಂಕಿ, ನೀರು, ಮಣ್ಣನ್ನು ಹೆಣದಿಂದ ಮೈಲಿಗೆ ಮಾಡಬಾರದೆಂದು ದೇಹವನ್ನು ಹದ್ದುಗಳಿಗೆ ಅರ್ಪಿಸುವುದು ಅವರ ಧರ್ಮ. ಹದ್ದುಗಳು ಬಾರದೆ ಹೋದ ಮೇಲೆ ಬಿಸಿಲನ್ನು ಒಟ್ಟುಮಾಡಿ ಹಾಯಿಸುವ ಯಂತ್ರ ಹಾಕಿಸಬೇಕಾಯಿತು. ಸಾವಿರಾರು ವರ್ಷದ ಒಂದು ಜನಾಂಗದ ಅಂತ್ಯಕ್ರಿಯೆ ಒಂದು ಇಂಜೆಕ್ಷನ್ನಿನಿಂದ ನಿಂತುಹೋಯಿತು ಅಂದರೆ ಕೇಳಿದವರು ನಂಬುವುದಿಲ್ಲ.

ಆದರೂ ಲಾಭ ನಷ್ಟದ ಈ ಲೆಕ್ಕ ರಾಮದೇವರ ಬೆಟ್ಟದಲ್ಲಿ ಹೇಳುವುದಕ್ಕೆ ಸ್ವಲ್ಪ ಸಂಕೋಚದ್ದೇ. ಲಾಭದ ದೃಷ್ಟಿಯಿಂದ ನೋಡಿದರೆ ಜಟಾಯು ಮಾಡಿದ್ದೇನು? ರಾವಣನನ್ನು ತಡೆಯಲು ಹೋದ, ಆಗಲಿಲ್ಲ. ಅವನಿಗೆ ಅರವತ್ತು ಸಾವಿರ ವರ್ಷ ಎಂದು ವಾಲ್ಮೀಕಿ ಹೇಳುತ್ತಾನೆ, ಎದುರಿಗಿದ್ದವನು ರಥ, ಬಿಲ್ಲು, ಕವಚ ಎಲ್ಲಾ ಇದ್ದ ಹರೆಯದ ರಾಕ್ಷಸ. ಸೋಲುತ್ತೇನೆಂದು ಗೊತ್ತಿದ್ದೇ ಹೋದ. ಸೀತೆಯನ್ನು ಎಲ್ಲಿಗೆ ಒಯ್ದ ಎಂಬ ಮಾತನ್ನೂ ಪೂರ್ತಿ ಹೇಳುವ ಮುಂಚೆ ಪ್ರಾಣ ಹೋಯಿತು. ಲಂಕೆಯ ಸುದ್ದಿ ಸಿಕ್ಕಿದ್ದು ಆಮೇಲೆ, ಅವನ ಅಣ್ಣ ಸಂಪಾತಿಯಿಂದ. ರಾಮನು ಸಂಸ್ಕಾರ ಮಾಡಿದ್ದು ಉಪಯೋಗ ನೋಡಿ ಅಲ್ಲ.

ಸಂಪಾತಿಯ ಕಥೆಯೂ ನಾಲಗೆಯ ಮೇಲೆ ಬಂತು, ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಸೂರ್ಯನ ಹತ್ತಿರ ಹಾರಿದ ತಮ್ಮನಿಗೆ ನೆರಳು ಕೊಡಲು ಹೋಗಿ ತನ್ನ ರೆಕ್ಕೆ ಸುಟ್ಟುಕೊಂಡವನು ಅವನು. ಸಮುದ್ರದ ದಡದ ಬೆಟ್ಟದಲ್ಲಿ ಕೂತಿದ್ದಾಗ ಸಾಯಲೆಂದು ಉಪವಾಸ ಮಲಗಿದ ಕಪಿಗಳನ್ನು ಕಂಡು, ಊಟ ತಾನಾಗಿ ಬಂತು, ಸತ್ತವರನ್ನು ಒಬ್ಬೊಬ್ಬರಾಗಿ ತಿನ್ನುತ್ತೇನೆ ಅಂದುಕೊಳ್ಳುತ್ತಾನೆ. ವಾಲ್ಮೀಕಿ ಅದನ್ನು ಮುಚ್ಚಿಡುವುದಿಲ್ಲ. ಹದ್ದು ಹದ್ದಿನ ಹಾಗೇ ಯೋಚಿಸುತ್ತದೆ. ಅಂಗದನ ಬಾಯಲ್ಲಿ ತಮ್ಮನ ಹೆಸರು ಕೇಳಿದ ಮೇಲೆ ಅದೇ ಹದ್ದು ನೂರು ಯೋಜನದ ಆಚೆ ಇರುವ ಸೀತೆಯನ್ನು ಕಂಡು ಹೇಳುತ್ತದೆ. ಹೆಣ ತಿನ್ನುವುದು, ದೂರ ನೋಡುವುದು, ತಮ್ಮನಿಗಾಗಿ ಅಳುವುದು, ಮೂರೂ ಒಂದೇ ಹಕ್ಕಿಯಲ್ಲಿ ಇರಬಹುದು ಅಂತ ನಮ್ಮ ಆದಿಕವಿಗೆ ಗೊತ್ತಿತ್ತು.

ಈ ಬೆಟ್ಟದ ಸದ್ಯದ ಸ್ಥಿತಿ ಹೇಳಬೇಕೆಂದರೆ, ಧಾಮವೆಂದು ಘೋಷಣೆಯಾದರೂ ಈಚಿನ ವರ್ಷಗಳಲ್ಲಿ ಇಲ್ಲಿ ಕಾಣುವ ಉದ್ದ ಕೊಕ್ಕಿನ ರಣಹದ್ದುಗಳನ್ನು ಎಣಿಸಲು ಎರಡು ಕೈಯ ಬೆರಳೂ ಬೇಕಾಗುವುದಿಲ್ಲ. ಬಿಳಿ ರಣಹದ್ದುಗಳು ಕೆಲವು ಇವೆ. ಬಂಡೀಪುರ, ನಾಗರಹೊಳೆ, ಅದರಾಚೆ ತಮಿಳುನಾಡಿನ ಮೋಯಾರ್ ಕಣಿವೆಯ ಕಡೆ ಪರವಾಗಿಲ್ಲ, ಅಲ್ಲಿ ಹುಲಿ ಕೊಂದ ಕಾಡುಪ್ರಾಣಿ ಸಿಗುತ್ತದೆ, ಅದರಲ್ಲಿ ಇಂಜೆಕ್ಷನ್ ಇರುವುದಿಲ್ಲ. ಇಲ್ಲಿ ಹಾಗಲ್ಲ. ಈ ಹಕ್ಕಿಗೆ ಕಡಿದಾದ ಬಂಡೆ ಬೇಕು, ಕಾದ ಬಂಡೆಯಿಂದ ಮೇಲೇಳುವ ಬಿಸಿಗಾಳಿ ಬೇಕು. ಆ ಗಾಳಿಯ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರಿ ಹತ್ತಾರು ಮೈಲಿ ದೂರ ಹೋಗಿ ಊಟ ಹುಡುಕುತ್ತದೆ. ಬಂಡೆ ಇಲ್ಲಿದೆ, ಗಾಳಿ ಇದೆ. ಊಟ ಇಲ್ಲ. ಸತ್ತ ದನವನ್ನು ಬಯಲಿಗೆ ಹಾಕುವ ರೂಢಿ ಹೋಗಿದೆ, ಗುಂಡಿ ತೋಡಿ ಹೂಳುತ್ತಾರೆ. ಹೂಳುವುದು ಆರೋಗ್ಯಕ್ಕೆ ಒಳ್ಳೆಯದೇ, ಇಂಜೆಕ್ಷನ್ ಹಾಕಿಸಿದ ದನವಾದರೆ ಹೂಳಲೇಬೇಕು. ಆದರೆ ಎಲ್ಲವನ್ನೂ ಹೂತರೆ ಹದ್ದು ಏನು ತಿನ್ನಬೇಕು?

ನೇಪಾಳದ ನವಲಪರಾಸಿಯ ಪಿಥೌಲಿ ಎಂಬ ಹಳ್ಳಿಯವರು ಇದಕ್ಕೆ ಒಂದು ದಾರಿ ಮಾಡಿದ್ದಾರೆ. ಅಲ್ಲಿಯೂ ಹಸು ಪವಿತ್ರ, ಕಡಿಯುವಂತಿಲ್ಲ. 2006ರಲ್ಲಿ ಊರಿನವರೇ ಸೇರಿ, ಹಾಲು ಬತ್ತಿದ, ಯಾರಿಗೂ ಬೇಡವಾದ ಮುದಿ ದನಗಳನ್ನು ತಂದು ಒಂದು ಗೋಶಾಲೆಯ ಹಾಗೆ ಕಟ್ಟಿ ಸಾಕಲು ಶುರು ಮಾಡಿದರು. ವಿಷದ ಔಷಧ ಮುಟ್ಟಿಸುವುದಿಲ್ಲ. ಆಯುಸ್ಸು ತೀರಿ ತಾನಾಗಿ ಸತ್ತ ಮೇಲೆ ಬಯಲಿಗೆ ತಂದು ಹದ್ದುಗಳಿಗೆ ಬಿಡುತ್ತಾರೆ. ಅದಕ್ಕೆ 'ಜಟಾಯು ರೆಸ್ಟೋರೆಂಟ್' ಅಂತ ಹೆಸರು. ಹೆಸರು ಕೇಳಿದರೆ ನಗು ಬರುತ್ತದೆ, ಕೆಲಸ ನೋಡಿದರೆ ಕೈ ಮುಗಿಯಬೇಕು. ಗೋಸೇವೆ ಮತ್ತು ಹದ್ದಿನ ಊಟ ಒಂದಕ್ಕೊಂದು ವಿರುದ್ಧ ಎಂದು ಕೂತಿದ್ದವರಿಗೆ ಅವರು ಎರಡನ್ನೂ ಒಂದೇ ಕೊಟ್ಟಿಗೆಯಲ್ಲಿ ಮಾಡಿ ತೋರಿಸಿದ್ದಾರೆ. ಕೇರಳದ ಚಡಯಮಂಗಲದಲ್ಲಿ ಬೆಟ್ಟದ ಮೇಲೆ 200 ಅಡಿ ಉದ್ದದ ಜಟಾಯುವಿನ ವಿಗ್ರಹ ಮಾಡಿ 2018ರಲ್ಲಿ ಜನರಿಗೆ ತೆರೆದರು. ಬಹಳ ದೊಡ್ಡದು, ನೋಡಲು ಬಸ್ಸಿನಲ್ಲಿ ಜನ ಹೋಗುತ್ತಾರೆ. ಪಿಥೌಲಿಗೆ ಅಷ್ಟು ಜನ ಹೋಗುವುದಿಲ್ಲ.

ರಾಮದೇವರ ಬೆಟ್ಟಕ್ಕೆ ಬರುವವರಿಂದ ಹಕ್ಕಿ ಬಯಸುವುದು ಹೆಚ್ಚೇನಿಲ್ಲ. ಗದ್ದಲ ಮಾಡದಿದ್ದರೆ ಸಾಕು. ಬಂಡೆಗೆ ಹಗ್ಗ ಹಾಕಿ ಹತ್ತುವುದು, ಪ್ರತಿಧ್ವನಿ ಕೇಳಲೆಂದು ಕಿರುಚುವುದು, ಪಟಾಕಿ, ಡ್ರೋನ್ ಕ್ಯಾಮೆರಾ, ಇವುಗಳಿಂದ ಬೆದರಿ ಎದ್ದ ಹಕ್ಕಿ ಗೂಡು ಬಿಟ್ಟು ಹೋದರೆ ಆ ವರ್ಷದ ಮೊಟ್ಟೆ ಹಾಳು. ದೇವರಿಗೆ ಜೈಕಾರ ಹಾಕಬಾರದೆ ಎಂದು ಕೆಲವರಿಗೆ ಬೇಜಾರಾಗುತ್ತದೆ. ಹಾಕಬಹುದು, ದೇವಸ್ಥಾನದ ಒಳಗೆ, ರಾಮನಿಗೆ ಕೇಳುವಷ್ಟು.

ಕಾರ್ತಿಕ ಮಾಸದ ಹೊತ್ತಿಗೆ ಜೋಡಿಗಳು ಬಂಡೆಯ ಅಂಚಿಗೆ ಕಡ್ಡಿ, ಎಲೆ, ಹುಲ್ಲು ಹೊತ್ತು ತರಲು ಶುರು ಮಾಡುತ್ತವೆ. ಮೊಟ್ಟೆ ಇಟ್ಟ ಮೇಲೆ ಸುಮಾರು ಐವತ್ತು ದಿನ ಕಾವು. ಗಂಡು ಒಂದು ಸರದಿ, ಹೆಣ್ಣು ಒಂದು ಸರದಿ ಕೂರುತ್ತದೆ. ಮರಿ ಹೊರಬಂದ ಮೇಲೂ ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ ಗೂಡಿನಲ್ಲೇ ಇಟ್ಟು ಸಾಕಬೇಕು, ಇಬ್ಬರೂ ದೂರ ಹೋಗಿ ತಿಂದು ಬಂದು ಗಂಟಲಿನಿಂದ ತೆಗೆದು ಕೊಡಬೇಕು. ಚೈತ್ರ ಮಾಸದಲ್ಲಿ ಶ್ರೀರಾಮನವಮಿಯ ದಿನ ಭಕ್ತರು ಕೋಸಂಬರಿ ಪಾನಕ ಕುಡಿದು ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುವಾಗ, ಆ ವರ್ಷ ಮೊಟ್ಟೆ ಒಡೆದಿದ್ದರೆ, ಎದುರಿನ ಬಂಡೆಯಲ್ಲಿ ಒಂದು ಮರಿ ತಂದೆಯೋ ತಾಯಿಯೋ ಹಿಂದಿರುಗುವುದನ್ನು ಕಾದು ಕೂತಿರುತ್ತದೆ.